ಮೂರೂವರೆ ಬಸ್ಸು, ಮೂರು ಗಂಟೆಯ ಕಿಟಕಿ

(ಪದವಿ ಕಾಲೇಜುಗಳ ಅಧ್ಯಾಪಕರು, ಗ್ರಂಥಪಾಲಕರು ಮತ್ತು ಕಚೇರಿ ಸಿಬ್ಬಂದಿಯ ಕಾರ್ಯಾಗಾರದಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಕಾಲೇಜಿನ ಸೌಲಭ್ಯ ಮುಟ್ಟಿಸೋದಕ್ಕೆ ಡಿಸೈನ್ ಥಿಂಕಿಂಗ್ ಹೇಗೆ ನೆರವಾಗುತ್ತೆ ಅನ್ನೋದು ನನಗೆ ಕೊಟ್ಟಿರುವ ವಿಷಯ. ಡಿಸೈನ್ ಥಿಂಕಿಂಗ್ ಅಂದರೆ ಬಳಸುವವರ ಕಷ್ಟವನ್ನು ಮೊದಲು ಅರಿತು, ಆಮೇಲೆ ಪರಿಹಾರ ರೂಪಿಸೋ ವಿಧಾನ. ಅದರಲ್ಲಿ ಐದು ಹಂತ ಇವೆ, ಐದನ್ನೂ ಹೇಳುತ್ತೇನೆ ಅಂತ ಸಂಘಟಕರಿಗೆ ಮಾತು ಕೊಟ್ಟಿದ್ದೇನೆ. ಆದರೆ ಮೊದಲು ಒಂದು ಬಸ್ಸಿನ ಕಥೆ ಹೇಳಿಬಿಡಬೇಕು. ಅದನ್ನು ಹೇಳದೆ ನನಗೆ ಈ ವಿಷಯ ಶುರು ಮಾಡೋಕೆ ಬರೋದಿಲ್ಲ.

ಕಲ್ಯಾಣ ಕರ್ನಾಟಕದ ಒಂದು ತಾಲೂಕು ಕೇಂದ್ರದ ಕಾಲೇಜಿನಲ್ಲಿ ನಾನು ಸ್ಕಾಲರ್‌ಶಿಪ್ ಕೆಲಸವನ್ನೂ ನೋಡಿಕೊಳ್ಳುತ್ತಿದ್ದೆ. ಬಿ.ಎ. ಎರಡನೇ ವರ್ಷದಲ್ಲಿ ಒಬ್ಬಳು ಮುಸ್ಲಿಂ ಹುಡುಗಿ ಇದ್ದಳು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸ. ಹಿಂದಿನ ವರ್ಷ ಅವಳಿಗೆ ಸ್ಕಾಲರ್‌ಶಿಪ್ ಬಂದಿರಲಿಲ್ಲ, ಈ ವರ್ಷ ಅರ್ಜಿಯನ್ನೇ ಹಾಕಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಮಾತು ಬಂದಾಗ ಒಬ್ಬರು, "ಈ ಮಕ್ಕಳಿಗೆ ಆಸಕ್ತಿನೇ ಇಲ್ಲ ಮೇಡಂ. ಎಷ್ಟು ಸಲ ನೋಟಿಸ್ ಹಾಕೋದು?" ಅಂದರು. ನಾನೂ ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಮರುದಿನ ಅವಳನ್ನೇ ಕರೆದು ಕೇಳಿದೆ. ಅವಳು ಹೇಳಿದ್ದು ಒಂದೇ ಮಾತು: "ಮೇಡಮ್ರಿ, ಮೂರೂವರಿ ಬಸ್ ತಪ್ಪಿದ್ರ ಮತ್ತ ನಮ್ಮೂರಿಗೆ ಬಸ್ ಇಲ್ರಿ."

ನನಗೆ ಅರ್ಥ ಆಗಲಿಲ್ಲ. ಸ್ಕಾಲರ್‌ಶಿಪ್‌ಗೂ ಬಸ್ಸಿಗೂ ಏನು ಸಂಬಂಧ? ಅದಕ್ಕೆ ಒಂದು ದಿನ ಅವಳ ಜೊತೆಗೇ ನಡೆದು ನೋಡಿದೆ. ನಮ್ಮ ಕಚೇರಿಯ ಸ್ಕಾಲರ್‌ಶಿಪ್ ಕಿಟಕಿ ತೆರೆಯುವುದು ಮೂರು ಗಂಟೆಗೆ. ಕಾಲೇಜಿನಿಂದ ಬಸ್ ಸ್ಟ್ಯಾಂಡಿಗೆ ಇಪ್ಪತ್ತು ನಿಮಿಷದ ನಡಿಗೆ. ಅಂದರೆ ಅವಳ ಕೈಯಲ್ಲಿ ಇರೋದು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಕಿಟಕಿಯ ಮುಂದೆ ನಲವತ್ತು ಮಕ್ಕಳು. ಹುಡುಗರು ಮುಂದೆ ನುಗ್ಗುತ್ತಾರೆ, ಇವಳು ಗೋಡೆಗೆ ಒರಗಿ ನಿಲ್ಲುತ್ತಾಳೆ. ಮೂರು ಹತ್ತಕ್ಕೆ ಬ್ಯಾಗು ಸರಿ ಮಾಡಿಕೊಂಡು ಹೊರಟುಬಿಡುತ್ತಾಳೆ. ನನ್ನ ಕಣ್ಣೆದುರೇ ಹೊರಟಳು. ವರ್ಷವಿಡೀ ಹೀಗೇ ನಡೆದಿತ್ತು. ನಾವು ಅದಕ್ಕೆ ಇಟ್ಟ ಹೆಸರು 'ಆಸಕ್ತಿ ಇಲ್ಲ' ಅಂತ.

ಸ್ನೇಹಿತರೇ, ಡಿಸೈನ್ ಥಿಂಕಿಂಗ್‌ನ ಮೊದಲ ಹಂತ ಇದೇ. ಎಂಪಥಿ ಅನ್ನುತ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿ ಸ್ಕೂಲ್‌ನವರು ಇದನ್ನು ಐದು ಹಂತವಾಗಿ ಜೋಡಿಸಿ ಜಗತ್ತಿಗೆಲ್ಲ ಹಬ್ಬಿಸಿದರು. ಮೊದಲು ಎಂಪಥಿ, ಆಮೇಲೆ ಸಮಸ್ಯೆ ಇಂಥದ್ದೇ ಅಂತ ಗುರುತಿಸೋದು, ಉಪಾಯ ಹುಡುಕೋದು, ಮಾದರಿ ಮಾಡೋದು, ಪರೀಕ್ಷೆ ಮಾಡೋದು. ಎಂಪಥಿಗೆ ಸಹಾನುಭೂತಿ ಅಂತ ಅನುವಾದ ಮಾಡಿದರೆ ನನಗೆ ಸಮಾಧಾನ ಆಗೋದಿಲ್ಲ. ಅಯ್ಯೋ ಪಾಪ ಅನ್ನೋದಕ್ಕೆ ಕುರ್ಚಿ ಬಿಟ್ಟು ಏಳಬೇಕಾಗಿಲ್ಲ, ಅಲ್ವಾ? ನಾನು ಕೇಳ್ತಿರೋದು ಜೊತೆಗೆ ನಡೆದು ನೋಡಿ ಅಂತ.

ಮುಸ್ಲಿಮರ ಸ್ಥಿತಿಗತಿ ತಿಳಿಯೋಕೆ ಕೇಂದ್ರ ಸರ್ಕಾರ ನೇಮಿಸಿದ್ದ ಸಾಚಾರ್ ಸಮಿತಿಯ ವರದಿ 2006ರಲ್ಲಿ ಬಂತು. ದೇಶದಲ್ಲಿ ಇಪ್ಪತ್ತು ವರ್ಷ ದಾಟಿದವರಲ್ಲಿ ಪದವಿ ಅಥವಾ ಡಿಪ್ಲೊಮಾ ಆದವರು ಸುಮಾರು 7 ಶೇಕಡಾ ಇದ್ದರೆ, ಮುಸ್ಲಿಮರಲ್ಲಿ 4 ಶೇಕಡಾಕ್ಕಿಂತ ಕಡಿಮೆ ಅಂತ ಅದರಲ್ಲಿತ್ತು. ಆ ಅಂಕಿಗೆ ಆಧಾರ 2001ರ ಜನಗಣತಿ. ಅಲ್ಲಿಂದ ಈಚೆಗೆ ಬಹಳ ಮಕ್ಕಳು ಕಾಲೇಜಿಗೆ ಬಂದಿದ್ದಾರೆ, ಸಂತೋಷ. ಆದರೆ ಗೇಟಿನ ಒಳಗೆ ಬಂದ ಮಗು ಕಿಟಕಿಯವರೆಗೆ, ಲೈಬ್ರರಿ ಕೌಂಟರ್‌ವರೆಗೆ, ಪ್ಲೇಸ್‌ಮೆಂಟ್ ಕೊಠಡಿಯವರೆಗೆ ತಲುಪಿತಾ? ಅದನ್ನು ನಾವೇ ನೋಡಬೇಕು. ಕಾಲೇಜುಗಳಲ್ಲಿ ಸಮಾನ ಅವಕಾಶ ಕೋಶ ಇರಬೇಕು ಅಂತ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2012ರಲ್ಲೇ ನಿಯಮ ಮಾಡಿತು. ಆ ಕೋಶ ಯಾವ ಕೊಠಡಿಯಲ್ಲಿದೆ ಅಂತ ನಿಮ್ಮ ಮಕ್ಕಳಲ್ಲಿ ಹತ್ತು ಜನರನ್ನು ಕೇಳಿ ನೋಡಿ.

ಮತ್ತೆ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಕಿಟಕಿಯ ಸಮಯ ಬದಲಾಯಿಸೋಣ ಅಂತ ಕಚೇರಿಯಲ್ಲಿ ಕೇಳಿದೆ. ಕಿಟಕಿಯಲ್ಲಿ ಕೂರುವ ನಮ್ಮ ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕರು, ಒಳ್ಳೆಯ ಮನುಷ್ಯ. "ಮೇಡಂ, ಬೆಳಗ್ಗೆ ಹೊತ್ತು ಅಡ್ಮಿಷನ್, ಟಿ.ಸಿ., ಖಜಾನೆ ಬಿಲ್ಲು. ನಾನೊಬ್ಬನೇ" ಅಂದರು. ನಿಜ. ಅವರ ಜೊತೆಗೂ ಅರ್ಧ ದಿನ ಕೂತು ನೋಡಿದೆ. ನಡೆದು ನೋಡಿ ಅಂದರೆ ವಿದ್ಯಾರ್ಥಿಯ ಜೊತೆ ಮಾತ್ರ ಅಲ್ಲ, ಕಿಟಕಿಯ ಆಚೆ ಕೂತವರ ಜೊತೆಗೂ. ಅವರಿಗೆ ಬರುವ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದೇ: "ಸರ್, ಏನೇನು ತರಬೇಕು?" ಯಾಕೆ ಅಂದರೆ ನಮ್ಮ ನೋಟಿಸಿನಲ್ಲಿ ಇದ್ದದ್ದು ಹೀಗೆ: "ಅರ್ಹ ವಿದ್ಯಾರ್ಥಿಗಳು ಸೂಕ್ತ ದಾಖಲೆಗಳೊಂದಿಗೆ ನಿಗದಿತ ಅವಧಿಯೊಳಗೆ ಅರ್ಜಿ ಸಲ್ಲಿಸತಕ್ಕದ್ದು."

ಸೂಕ್ತ ದಾಖಲೆ ಅಂದರೆ ಯಾವುದು? ಅರ್ಹ ಅಂದರೆ ಅದರಲ್ಲಿ ನಾನೂ ಬರ್ತೀನಾ, ಇಲ್ವಾ? ಅಣ್ಣನೋ ಅಕ್ಕನೋ ಕಾಲೇಜು ಓದಿದ್ದರೆ ಮನೆಯಲ್ಲಿ ಕೇಳಬಹುದು. ಇವಳು ಯಾರನ್ನು ಕೇಳಬೇಕು? ಸಮಸ್ಯೆ ಇಂಥದ್ದೇ ಅಂತ ಗುರುತಿಸೋ ಎರಡನೇ ಹಂತ ಇದು: ಕೊರತೆ ಮಕ್ಕಳ ಆಸಕ್ತಿಯದ್ದಲ್ಲ, ನಮ್ಮ ಕಿಟಕಿಯ ಸಮಯದ್ದು, ನಮ್ಮ ನೋಟಿಸಿನದ್ದು. ನಾವು ಆ ನೋಟಿಸನ್ನು ನಾಲ್ಕು ವಿದ್ಯಾರ್ಥಿಗಳ ಕೈಲಿ ಓದಿಸಿದೆವು. ಎಲ್ಲಿ ತಡವರಿಸಿದರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿದೆವು. ಆಮೇಲೆ ಅವರೇ ಬರೆದರು: "ಆಧಾರ್ ತನ್ನಿ. ನಾಡಕಚೇರಿಯಲ್ಲಿ ಕೊಟ್ಟ ಜಾತಿ-ಆದಾಯ ಪ್ರಮಾಣಪತ್ರ ತನ್ನಿ, ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತೆ. ಹತ್ತನೇ ತರಗತಿ ಅಂಕಪಟ್ಟಿ ತನ್ನಿ. ಆಧಾರ್‌ನಲ್ಲೂ ಅಂಕಪಟ್ಟಿಯಲ್ಲೂ ಹೆಸರು ಒಂದೇ ತರ ಇದೆಯಾ ನೋಡಿ. ಇಲ್ಲದಿದ್ದರೆ ಹೆದರಬೇಡಿ, ಬಂದು ಹೇಳಿ."

'ಹೆದರಬೇಡಿ, ಬಂದು ಹೇಳಿ.' ಇದು ನಮ್ಮ ಹುಡುಗಿಯ ವಾಕ್ಯ. ಒಂದು ದಾಖಲೆಯಲ್ಲಿ ಅವಳ ಹೆಸರಿನ ಕೊನೆಗೆ ಬೇಗಂ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ತಾನೇ ಏನೋ ತಪ್ಪು ಮಾಡಿದ್ದೀನಿ ಅಂತ ಎರಡು ವರ್ಷ ಅದನ್ನು ಯಾರಿಗೂ ತೋರಿಸಿರಲಿಲ್ಲ.

ಈ ನೋಟಿಸ್ ಅಂಟಿಸಿದ ಮೇಲೆ 'ಏನೇನು ತರಬೇಕು' ಅನ್ನೋ ಪ್ರಶ್ನೆ ಕಡಿಮೆಯಾಯಿತು, ಎಸ್‌ಡಿಎಗೆ ಸಮಯ ಉಳಿಯಿತು. ಅವರೇ ಬಂದು, "ಮೇಡಂ, ಹನ್ನೊಂದಕ್ಕೆ ಅರ್ಧ ಗಂಟೆ ಕಿಟಕಿ ತೆಗೀತೀನಿ, ಒಂದು ವಾರ ನೋಡೋಣ" ಅಂದರು. ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ತೂಗುಹಾಕಿದೆವು. ಮಾದರಿ ಮಾಡೋದು ಅಂದರೆ ಇಷ್ಟೇ. ಖರ್ಚು ಒಂದು ರಟ್ಟು. ಸರಿಹೋಗದಿದ್ದರೆ ತೆಗೆದು ಬಿಸಾಡಬಹುದು. ಸುತ್ತೋಲೆ ಹೊರಡಿಸಿಬಿಟ್ಟರೆ ಅಷ್ಟು ಸುಲಭ ಅಲ್ಲ ನೋಡಿ. ಅರ್ಧ ಗಂಟೆ ಸಾಲದು ಅಂತ ಮೂರೇ ದಿನದಲ್ಲಿ ಗೊತ್ತಾಯಿತು, ಮುಕ್ಕಾಲು ಗಂಟೆ ಮಾಡಿದೆವು. ಅದರ ಉಪಯೋಗ ಮುಸ್ಲಿಂ ಹುಡುಗಿಯರಿಗಷ್ಟೇ ಆಗಲಿಲ್ಲ. ತಾಂಡಾದಿಂದ ಬರುವ ಮಕ್ಕಳಿಗೂ ಆಯಿತು, ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುವ ಹುಡುಗರಿಗೂ ಆಯಿತು.

ಸೋತದ್ದನ್ನೂ ಹೇಳಬೇಕು. ವಾಟ್ಸಾಪ್ ಗ್ರೂಪ್ ಮಾಡಿದೆವು. ಎಲ್ಲ ಮಾಹಿತಿ ಅಲ್ಲೇ ಹಾಕಿದೆವು, ನಮಗೆ ಬಹಳ ಹೆಮ್ಮೆ. ಎರಡು ವಾರ ಆದ ಮೇಲೆ ಗೊತ್ತಾಯಿತು, ಹುಡುಗಿಯರು ಕೊಟ್ಟ ನಂಬರುಗಳಲ್ಲಿ ಎಷ್ಟೋ ಅಣ್ಣಂದಿರವು. ಅರ್ಜಿ ಹಾಕಲು ಕೂತರೆ ಒಟಿಪಿ ಹೋಗೋದು ಅಪ್ಪನ ಫೋನಿಗೆ. ಅಪ್ಪ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಮೇಲೆ ನಿಂತಿರುತ್ತಾನೆ. ಅವನು ಫೋನ್ ನೋಡುವಷ್ಟರಲ್ಲಿ ಒಟಿಪಿ ಸಮಯ ಮುಗಿದಿರುತ್ತೆ. ಇದಕ್ಕೆ ಉಪಾಯ ಕೊಟ್ಟದ್ದೂ ಅದೇ ಹುಡುಗಿ: "ಹಿಂದಿನ ದಿನಾನೇ ನಮಗ ಟೈಮ್ ಕೊಟ್ಟುಬಿಡ್ರಿ ಮೇಡಮ್ರಿ. ನಾಳೆ ಹನ್ನೊಂದೂಕಾಲಿಗಿ ಫೋನ್ ಕೈಯಾಗ ಇಟ್ಕೋ ಅಂತ ಅಬ್ಬಾಗ ಹೇಳ್ತೀನ್ರಿ." ಚೀಟಿಯ ಮೇಲೆ ಸಮಯ ಬರೆದು ಕೊಡೋಕೆ ಶುರು ಮಾಡಿದೆವು.

ಇನ್ನು ಹಿಂದಿನ ವರ್ಷದ ಹಣ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಣ ಜಮಾ ಆಗಿದೆ ಅಂತ ಇತ್ತು, ಪಾಸ್‌ಬುಕ್ಕಿನಲ್ಲಿ ಇಲ್ಲ. ಹುಡುಕಿದಾಗ ಸಿಕ್ಕಿದ್ದು ಏನು ಗೊತ್ತಾ? ಹೊಸ ಸಿಮ್ ತಗೊಳ್ಳುವಾಗ ಬೆರಳಚ್ಚು ಕೊಟ್ಟಿದ್ದಳು. ಆಗ ಅವಳಿಗೆ ತಿಳಿಯದೆಯೇ ಇನ್ನೊಂದು ಖಾತೆ ತೆರೆದುಕೊಂಡಿತ್ತು. ಆಧಾರ್‌ಗೆ ಕೊನೆಗೆ ಜೋಡಣೆಯಾದ ಖಾತೆಗೇ ಸರ್ಕಾರದ ಹಣ ಹೋಗೋದು. ಅಷ್ಟು ದಿನ ಆ ದುಡ್ಡು ಅವಳ ಹೆಸರಿನಲ್ಲೇ ಸುಮ್ನೆ ಕೂತಿತ್ತು. ನಿಮ್ಮಲ್ಲೂ ಹಣ ಬಂದಿಲ್ಲ ಅನ್ನುವ ಮಕ್ಕಳಿದ್ದರೆ ಮೊದಲು ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ನೋಡಿಸಿ.

ಇನ್ನೆಷ್ಟು ಸಮಯ ಇದೆ? ಹತ್ತೇ ನಿಮಿಷವಾ? ಹಾಗಾದರೆ ಲೈಬ್ರರಿ ವಿಷಯ ಬೇಗ ಹೇಳುತ್ತೇನೆ. ಇಲ್ಲಿ ಗ್ರಂಥಪಾಲಕರಿದ್ದೀರಿ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರ ನಿಮಗೆ ಬಾಯಿಪಾಠ. ಮೊದಲನೆಯದು ಪುಸ್ತಕ ಇರೋದು ಬಳಕೆಗೆ, ನಾಲ್ಕನೆಯದು ಓದುಗರ ಸಮಯ ಉಳಿಸಿ. ಲೈಬ್ರರಿ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಕುರ್ಚಿ ಹೇಗಿರಬೇಕು ಅಂತ ಆ ಮೊದಲ ಸೂತ್ರದಡಿಯಲ್ಲೇ ಅವರು ಚರ್ಚೆ ಮಾಡಿದ್ದಾರೆ. ಬೆಂಗಳೂರಿನಲ್ಲೇ ಇದ್ದು 1962ರಲ್ಲಿ ಡಿಆರ್‌ಟಿಸಿ ಅನ್ನೋ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದವರು ಅವರು. ಡಿಸೈನ್ ಥಿಂಕಿಂಗ್ ಹೊರಗಿನ ಸರಕು ಅಂತ ಯಾರಾದರೂ ಅಂದರೆ ನಾನು ರಂಗನಾಥನ್ ಅವರನ್ನು ತೋರಿಸುತ್ತೇನೆ. ಬುಕ್ ಬ್ಯಾಂಕ್ ಪುಸ್ತಕಕ್ಕೆ ಕೌಂಟರಿನಲ್ಲಿ ಎಲ್ಲರ ಮುಂದೆ ಜಾತಿ, ಆದಾಯ ಹೇಳಿಸುತ್ತೀರಾದರೆ ದಯವಿಟ್ಟು ಅದೊಂದನ್ನು ನಿಲ್ಲಿಸಿ. ಪಟ್ಟಿ ಕಚೇರಿಯಿಂದಲೇ ತರಿಸಿಕೊಳ್ಳಬಹುದು.

ಇನ್ನೊಂದು ಮಾತು, ಕಷ್ಟ ಅನುಭವಿಸಿದವರೇ ಉಪಾಯ ಮಾಡೋದರ ಬಗ್ಗೆ. ಎಡ್ ರಾಬರ್ಟ್ಸ್ ಅಂತ ಒಬ್ಬರಿದ್ದರು. ಪೋಲಿಯೋದಿಂದ ಕೈಕಾಲು ಆಡದ ಅವರು 1962ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದರು. ಉಸಿರಾಟಕ್ಕೆ ಬೇಕಾದ ಭಾರಿ ಯಂತ್ರವನ್ನು ಯಾವ ಹಾಸ್ಟೆಲಿನಲ್ಲೂ ಇಡಲಾಗದೆ ಕ್ಯಾಂಪಸ್ಸಿನ ಆಸ್ಪತ್ರೆಯಲ್ಲೇ ಉಳಿದರು. ಆಮೇಲೆ ಅವರಂಥ ವಿದ್ಯಾರ್ಥಿಗಳೇ ಸೇರಿ 1970ರಲ್ಲಿ ಒಂದು ಸೇವಾ ಕೇಂದ್ರ ಶುರು ಮಾಡಿಸಿದರು. ಅಲ್ಲಿ ಗಾಲಿಕುರ್ಚಿ ರಿಪೇರಿಯೂ ಇತ್ತು. ಕುರ್ಚಿ ಕೆಟ್ಟರೆ ಆ ದಿನದ ಕ್ಲಾಸೇ ಹೋಯಿತು ಅನ್ನೋದು ಅದರಲ್ಲಿ ಕೂತವರಿಗೆ ತಾನೇ ಗೊತ್ತು? ನಮ್ಮ ಹುಡುಗಿಯೂ ಕೊನೆಯ ವರ್ಷ ಕಿಟಕಿಯ ಪಕ್ಕ ಟೇಬಲ್ ಹಾಕಿಕೊಂಡು ಕೂತಳು. ಗೋಡೆಗೆ ಒರಗಿ ನಿಂತ ಹುಡುಗಿಯರನ್ನು ಮೊದಲು ಕರೆಯುತ್ತಿದ್ದಳು.

ಉಪಾಯ ಹುಡುಕೋದು, ಪರೀಕ್ಷೆ ಮಾಡೋದು ಅಂತ ಎರಡು ಹಂತದ ಬಗ್ಗೆ ಬೇರೆಯಾಗಿ ಹೇಳಬೇಕಿತ್ತು. ಊಟಕ್ಕೆ ಕರೆಯುತ್ತಿದ್ದಾರೆ, ಅದು ಕೈಯಾರೆ ಮಾಡುತ್ತಾ ಬರುತ್ತದೆ. ಈ ಕಾಲೇಜಿನ ನೋಟಿಸ್ ಬೋರ್ಡಿನಿಂದ ಮೂರು ನೋಟಿಸ್‌ಗಳ ಜೆರಾಕ್ಸ್ ಮಾಡಿಸಿದ್ದೇನೆ. ಬಾಗಿಲ ಹತ್ತಿರ ಮೊದಲ ವರ್ಷದ ಇಬ್ಬರು ವಿದ್ಯಾರ್ಥಿನಿಯರು ಕೂತಿದ್ದಾರೆ. ಊಟ ಆದ ಮೇಲೆ ಅವರು ಓದುತ್ತಾರೆ, ನಾವು ಕೇಳಿಸಿಕೊಳ್ಳೋಣ. ಎಲ್ಲರೂ ಒಂದೊಂದು ಪೆನ್ಸಿಲ್ ತನ್ನಿ. ಅವರಿಬ್ಬರ ಬಸ್ಸು ಮೂರು ಮುಕ್ಕಾಲಿಗೆ. ಎರಡು ಗಂಟೆಗೆ ಸರಿಯಾಗಿ ಶುರು ಮಾಡೋಣ.