ಕತ್ತರಿಸಿ ಉಳಿದದ್ದು ಯಾರದು?

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಪಾಂಡವಪುರದ ಕಡೆಯ ಒಂದು ಆಲೆಮನೆಯಲ್ಲಿ ನಾವು ಮೂವರು ಗೆಳೆಯರು ಬೆಲ್ಲದ ಬಗ್ಗೆ ಸಾಕ್ಷ್ಯಚಿತ್ರ ಮಾಡಿದೆವು. ಪಾಕದ ಹದ ನೋಡುವ ಹಿರಿಯರೊಬ್ಬರು ಅಲ್ಲಿದ್ದರು. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಮುಂದೆ ನಿಂತು ಗುಳ್ಳೆ ಯಾವಾಗ ಹಿಗ್ಗುತ್ತದೆ, ಬಣ್ಣ ಯಾವಾಗ ಬದಲಾಗುತ್ತದೆ, ಒಲೆಗೆ ಒಣಸಿಪ್ಪೆ ಹಾಕುವವನಿಗೆ ಯಾವ ಗಳಿಗೆಯಲ್ಲಿ ಕೈ ಸನ್ನೆ ಮಾಡಬೇಕು ಅನ್ನುವುದನ್ನೆಲ್ಲ ಹೇಳಿದರು. ಮಧ್ಯೆ ಮಧ್ಯೆ ತಮ್ಮ ಮದುವೆಯ ಕಥೆ, ನಾಲೆಗೆ ನೀರು ಬಾರದ ಒಂದು ವರ್ಷದ ಕಥೆ. ಕ್ಯಾಮೆರಾದಲ್ಲಿ ಮೂರು ಗಂಟೆ ದಾಖಲಾಯಿತು. ನಮ್ಮ ಚಿತ್ರ ಮೂವತ್ತು ನಿಮಿಷದ್ದು. ಅದರಲ್ಲಿ ಅವರು ಕಾಣಿಸುವುದು ನಲವತ್ತು ಸೆಕೆಂಡು.

ಅವರು ತೀರಿಕೊಂಡ ಮೇಲೆ ಮಗ ಫೋನ್ ಮಾಡಿದರು. "ಸಾ, ನಮ್ಮಪ್ಪ ಅವತ್ತು ಮಾತಾಡಿದ್ದು ಅಷ್ಟೂ ಅದಾ? ಇದ್ರೆ ಕೊಡಿ ಸಾ, ಮೊಮ್ಮಕ್ಕಳು ಕೇಳ್ಲಿ" ಅಂದರು. ಹಾರ್ಡ್ ಡಿಸ್ಕ್ ತೆಗೆದು ನೋಡಿದೆ. ಮುಂದಿನ ಕೆಲಸಕ್ಕೆ ಜಾಗ ಬೇಕೆಂದು ನಾನೇ ಅಳಿಸಿಬಿಟ್ಟಿದ್ದೆ. ನಮ್ಮ ಕಸುಬಿನಲ್ಲಿ ಇದು ದಿನನಿತ್ಯದ ಸಂಗತಿ. ಚಿತ್ರ ಮುಗಿದ ಮೇಲೆ ಉಳಿದ ಫುಟೇಜು, ಅಂದರೆ ಚಿತ್ರಕ್ಕೆ ಬಳಸದ ದೃಶ್ಯ, ಕಸ ಎಂದೇ ಲೆಕ್ಕ. ಆದರೆ ಆ ದಿನ ಫೋನ್ ಇಟ್ಟ ಮೇಲೆ ನನ್ನನ್ನು ಹಿಡಿದ ಪ್ರಶ್ನೆ ಇನ್ನೂ ಬಿಟ್ಟಿಲ್ಲ. ಆ ಮೂರು ಗಂಟೆ ಮಾತು ಅಳಿಸುವುದಕ್ಕೆ ನನ್ನದಾಗಿತ್ತೇ?

ಕಂಪ್ಯೂಟರ್ ಲೋಕದವರು ಇಂಥದೇ ಪ್ರಶ್ನೆಯನ್ನು ಬಹಳ ಹಿಂದೆ ಎದುರಿಸಿದ್ದರು. ತಂತ್ರಾಂಶವನ್ನು ಬರೆದ ಮೂಲ ಸಾಲುಗಳನ್ನು ಕಂಪನಿಗಳು ಬೀಗ ಹಾಕಿ ಇಟ್ಟುಕೊಳ್ಳುತ್ತಿದ್ದವು. ಕೊಂಡವನಿಗೆ ಅನ್ನ ಸಿಗುತ್ತಿತ್ತು, ಬಿತ್ತನೆ ಭತ್ತ ಸಿಗುತ್ತಿರಲಿಲ್ಲ. 1983ರಲ್ಲಿ ಅಮೆರಿಕದ ತಂತ್ರಜ್ಞ ರಿಚರ್ಡ್ ಸ್ಟಾಲ್‌ಮನ್ ಮೂಲವೂ ಎಲ್ಲರ ಕೈಗೆ ಸಿಗುವಂಥ ತಂತ್ರಾಂಶ ಕಟ್ಟುತ್ತೇನೆಂದು ಹೊರಟರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಕಂಪ್ಯೂಟರನ್ನೇ ನಡೆಸುವ ಲಿನಕ್ಸ್ ಎಂಬ ತಂತ್ರಾಂಶವನ್ನು ಹಂಚಿದರು. ಯಾರು ಬೇಕಾದರೂ ನೋಡಿ, ತಿದ್ದಿ, ಬಳಸಿ. ತಿದ್ದಿದ್ದನ್ನು ಹಂಚುವುದಾದರೆ ಇದೇ ಷರತ್ತಿನಲ್ಲಿ ಹಂಚಿ, ಎಂಬುದು ಅದರ ಕಟ್ಟಳೆ. ಮಂಡ್ಯದ ರೈತರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ನಾಟಿ ಹೊತ್ತಿನಲ್ಲಿ ಮುಯ್ಯಾಳು ಹೋಗುವುದೆಂದರೆ ಇದೇ. ಇವತ್ತು ನಿಮ್ಮ ಗದ್ದೆಗೆ ನಾನು ಬಂದೆ, ನಾಳೆ ನನ್ನ ಗದ್ದೆಗೆ ನೀವು ಬರಬೇಕು. ಕೂಲಿಯ ಲೆಕ್ಕವಿಲ್ಲ, ಮುಯ್ಯಿ ತೀರಿಸುವ ಋಣ ಮಾತ್ರ ಉಂಟು.

ತಂತ್ರಾಂಶಕ್ಕೆ ಮೂಲ ಸಾಲುಗಳಿದ್ದ ಹಾಗೆ ಸಾಕ್ಷ್ಯಚಿತ್ರಕ್ಕೆ ಮೂಲ ಯಾವುದು? ಕತ್ತರಿಸದ ಫುಟೇಜು, ಪೂರ್ತಿ ಸಂದರ್ಶನ, ಅದರ ಬರಹರೂಪ, ಎಲ್ಲಿ ಯಾವಾಗ ಯಾರು ಚಿತ್ರೀಕರಿಸಿದರು ಎಂಬ ಟಿಪ್ಪಣಿ. ಇವನ್ನೇ ಮುಂದಿಡುವ ಕೆಲಸವೊಂದು 2008ರಲ್ಲಿ ನಮ್ಮ ದೇಶದಲ್ಲೇ ಶುರುವಾಯಿತು. ಪ್ಯಾಡ್.ಮಾ ಎಂಬ ಅಂತರ್ಜಾಲ ಸಂಗ್ರಹ ಅದು. ಕಟ್ಟಿದವರಲ್ಲಿ ಮುಂಬೈನ ಕ್ಯಾಂಪ್ ಕಲಾವಿದರ ತಂಡವಿತ್ತು, ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ ಎಂಬ ವಕೀಲರ ಬಳಗ ಇತ್ತು. ಅಲ್ಲಿ ಮುಖ್ಯವಾಗಿ ಇರುವುದು ಮುಗಿದ ಚಿತ್ರಗಳಲ್ಲ, ಚಿತ್ರಗಳಿಗಾಗಿ ತೆಗೆದ ಫುಟೇಜು. ಒಂದೊಂದು ತುಣುಕಿನ ಪಕ್ಕದಲ್ಲೂ ಇಷ್ಟನೆಯ ನಿಮಿಷ, ಇಷ್ಟನೆಯ ಸೆಕೆಂಡಿನಲ್ಲಿ ಯಾರು ಏನು ಹೇಳಿದರು, ಹಿಂದೆ ಕಾಣುವುದು ಯಾವ ಜಾಗ ಎಂದು ಬರೆದಿಡಬಹುದು. ಚಿತ್ರ ತೆಗೆದವರು ಒಂದು ಟಿಪ್ಪಣಿ ಬರೆದರೆ, ಆ ಊರನ್ನು ಬಲ್ಲ ಮತ್ತೊಬ್ಬರು ಅದರ ಜೊತೆಗೇ ಇನ್ನೊಂದು ಬರೆಯಬಹುದು. ಪದ ಹುಡುಕಿದರೆ ಆ ಗಳಿಗೆಯ ದೃಶ್ಯವೇ ತೆರೆಯುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ಅಳಿಸಿಹೋದ ಆ ಆಲೆಮನೆಯದೇ ನೆನಪು.

ಮೈಸೂರಿನಲ್ಲಿ ಕೂತವನಿಗೆ ಇದೇನೂ ಹೊಸ ಪದ್ಧತಿ ಅನ್ನಿಸಬಾರದು. ಇಲ್ಲಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯಲ್ಲೇ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಕಂಡುಹಿಡಿದು 1909ರಲ್ಲಿ ಅಚ್ಚು ಹಾಕಿಸಿದ್ದು. ಹಳೆಯ ಗ್ರಂಥಗಳನ್ನು ಸಂಪಾದಿಸುವವರಿಗೆ ಒಂದು ಶಿಸ್ತಿದೆ. ನಾಲ್ಕು ಪ್ರತಿಗಳಲ್ಲಿ ನಾಲ್ಕು ಪಾಠವಿದ್ದರೆ, ಸರಿ ಎನಿಸಿದ್ದನ್ನು ಮೇಲೆ ಅಚ್ಚು ಮಾಡಿ ಮಿಕ್ಕ ಮೂರನ್ನೂ ಪಾಠಾಂತರವೆಂದು ಅಡಿಯಲ್ಲಿ ಕೊಡುತ್ತಾರೆ. ಓದುಗ ಒಪ್ಪದಿದ್ದರೆ ತಾನೇ ತೂಗಿ ನೋಡಬಹುದು. ಒಂದು ಪದಕ್ಕೆ ಇಷ್ಟು ಪ್ರಾಮಾಣಿಕತೆ ತೋರಿಸುವ ಊರಿನಲ್ಲಿ, ಜೀವಂತ ಮನುಷ್ಯರ ಮೂರು ಗಂಟೆ ಮಾತನ್ನು ನಲವತ್ತು ಸೆಕೆಂಡಿಗೆ ಇಳಿಸಿದ ನಾವು ಅಡಿಟಿಪ್ಪಣಿಯನ್ನೇ ಕೊಡದೆ ಎದ್ದು ಹೋಗುತ್ತೇವೆ. ಇದು ನನಗೆ ತಪ್ಪಾಗಿ ಕಾಣುತ್ತದೆ.

ಹಾಗಂತ ಎಲ್ಲವನ್ನೂ ತೆರೆದಿಡುವುದೇ? ಇಲ್ಲ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

ಮದ್ದೂರು ತಾಲ್ಲೂಕಿನ ಹೆಣ್ಣುಮಗಳೊಬ್ಬರು ಕೈಸಾಲದ ಬಗ್ಗೆ ನಮ್ಮ ಕ್ಯಾಮೆರಾದ ಮುಂದೆ ಮಾತಾಡಿದ್ದರು. ಕೊನೆಗೆ, "ಚಿತ್ರದಾಗೆ ಹಾಕ್ಕಳಿ ಸಾ, ಸಾಲ ಕೊಟ್ಟೋರ ಹೆಸರು ಮಾತ್ರ ಬ್ಯಾಡ" ಅಂದರು. ಚಿತ್ರದಲ್ಲಿ ಆ ಹೆಸರು ಬರಲಿಲ್ಲ. ಪೂರ್ತಿ ಫುಟೇಜನ್ನು ಅಂತರ್ಜಾಲಕ್ಕೆ ಏರಿಸಿದ್ದರೆ ಬರುತ್ತಿತ್ತು, ಮತ್ತು ಅದರ ಪರಿಣಾಮವನ್ನು ಉಣ್ಣಬೇಕಾದವರು ಅವರು. ಫುಟೇಜಿನ ಹಕ್ಕುಸ್ವಾಮ್ಯ ನನ್ನದಿರಬಹುದು, ಬದುಕು ಅವರದು.

ಈ ಎಚ್ಚರಕ್ಕೆ ನನಗೆ ದಾರಿ ತೋರಿಸಿದ್ದು ಕೆನಡಾದ ಫೋಗೊ ಎಂಬ ದ್ವೀಪದ ಕಥೆ. ಬಡ ಮೀನುಗಾರರ ಊರುಗಳು ಅಲ್ಲಿದ್ದವು. ದ್ವೀಪ ಬಿಟ್ಟು ಬೇರೆ ಕಡೆ ಹೋಗಿ ಎಂಬ ಒತ್ತಡ ಸರ್ಕಾರದ್ದು. 1967ರಲ್ಲಿ ಕಾಲಿನ್ ಲೋ ಎಂಬ ನಿರ್ದೇಶಕರು ಅಲ್ಲಿನ ನ್ಯಾಷನಲ್ ಫಿಲ್ಮ್ ಬೋರ್ಡ್ ಪರವಾಗಿ ಹೋದರು. ಒಂದೇ ದೊಡ್ಡ ಚಿತ್ರ ಮಾಡುವ ಬದಲು ಇಪ್ಪತ್ತೇಳು ಸಣ್ಣ ಚಿತ್ರಗಳನ್ನು ಮಾಡಿದರು. ಮಾತಾಡಿದವರಿಗೇ ಮೊದಲು ತೋರಿಸಿದರು, ಅವರು ಬೇಡವೆಂದರೆ ತೆಗೆಯುವುದಕ್ಕೆ ಸಿದ್ಧರಿದ್ದರು. ಆಮೇಲೆ ಊರೂರಿನಲ್ಲಿ ಪರದೆ ಕಟ್ಟಿ ತೋರಿಸಿದರು. ಒಂದು ಊರಿನವರು ಪಕ್ಕದ ಊರಿನವರ ಕಷ್ಟವೂ ತಮ್ಮದರ ಹಾಗೇ ಇದೆಯೆಂದು ಪರದೆಯ ಮೇಲೆ ಕಂಡುಕೊಂಡರು. ಮೀನುಗಾರರ ಸಹಕಾರ ಸಂಘ ಕಟ್ಟಿಕೊಂಡರು, ದ್ವೀಪದಲ್ಲೇ ಉಳಿದರು. ಇದೆಲ್ಲ ಚಿತ್ರದಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಆದರೆ ಚಿತ್ರ ದ್ವೀಪದವರ ಕೈಯಲ್ಲಿತ್ತು.

ಪತ್ರಿಕೋದ್ಯಮದಲ್ಲೂ ಇದೇ ಮುಯ್ಯಾಳು ನಡೆದಿದೆ. ಹೊರದೇಶಗಳಲ್ಲಿ ಗುಟ್ಟಾಗಿ ನಡೆಸುವ ಕಂಪನಿಗಳ ವಿವರವಿದ್ದ, 2016ರಲ್ಲಿ ಬಯಲಾದ ಪನಾಮಾ ದಾಖಲೆಗಳು ಒಂದು ಕೋಟಿ ಹದಿನೈದು ಲಕ್ಷ. ಸಿಕ್ಕಿದ್ದು ಜರ್ಮನಿಯ ಒಂದು ಪತ್ರಿಕೆಗೆ. ತಾವೊಬ್ಬರೇ ಇಟ್ಟುಕೊಳ್ಳದೆ ಅವರು ಅಂತರರಾಷ್ಟ್ರೀಯ ತನಿಖಾ ಪತ್ರಕರ್ತರ ಒಕ್ಕೂಟದ ಮೂಲಕ ಮುನ್ನೂರಕ್ಕೂ ಹೆಚ್ಚು ಪತ್ರಕರ್ತರ ಜೊತೆ ಹಂಚಿಕೊಂಡು ಓದಿದರು. ನಮ್ಮಲ್ಲಿ ಪತ್ರಕರ್ತ ಪಿ. ಸಾಯಿನಾಥ್ 2014ರ ಡಿಸೆಂಬರಿನಲ್ಲಿ ಆರಂಭಿಸಿದ ‘ಪರಿ’, ಅಂದರೆ ಗ್ರಾಮೀಣ ಭಾರತದ ಜನರ ಸಂಗ್ರಹ ಎಂಬ ಅಂತರ್ಜಾಲ ತಾಣ, ಇದಕ್ಕಿಂತ ನನಗೆ ಹತ್ತಿರದ್ದು. ವರದಿಗಾರರ ಜೊತೆ ಅನುವಾದಕರು, ವಿದ್ಯಾರ್ಥಿಗಳೂ ಅದನ್ನು ಬೆಳೆಸುತ್ತಿದ್ದಾರೆ. ಒಂದು ಊರಿನ ನೇಕಾರರ ಕಥೆ ಕನ್ನಡದಲ್ಲೂ ಸಿಗುತ್ತದೆ. ಅನುವಾದಕರ ಹೆಸರು ವರದಿಯ ಜೊತೆಗೇ ಇರುತ್ತದೆ. ಸಣ್ಣ ಸಂಗತಿ ಅನ್ನಿಸಬಹುದು, ನನಗೆ ಬಹಳ ದೊಡ್ಡದು.

ಕಾವೇರಿ ಗಲಾಟೆಯ ದಿನಗಳಲ್ಲಿ ಮೂಲ ಎಷ್ಟು ಮುಖ್ಯ ಎಂಬುದು ನಿಮಗೂ ಗೊತ್ತು. ಕನ್ನಂಬಾಡಿಯ ಗೇಟುಗಳಿಂದ ನೀರು ಧುಮುಕುವ ವಿಡಿಯೋ ಮೊಬೈಲಿಗೆ ಬರುತ್ತದೆ, ‘ಈಗ ತಾನೇ ಬಿಟ್ಟರು’ ಎಂಬ ಬರಹದ ಜೊತೆ. ಅದು ಎಂದಿನದು? ಅಣೆಕಟ್ಟೆಯ ಪೂರ್ಣ ಮಟ್ಟ 124.80 ಅಡಿ, ಆ ದಿನದ ಮಟ್ಟ ಎಷ್ಟಿತ್ತೆಂದು ಪತ್ರಿಕೆಯಲ್ಲಿ ಬಂದಿರುತ್ತದೆ. ನೆರಳು ಯಾವ ಕಡೆ ಬಿದ್ದಿದೆ, ಹಿನ್ನೆಲೆಯ ಗದ್ದೆಯಲ್ಲಿ ನಾಟಿಯೋ ಕೊಯ್ಲೋ, ಗೋಡೆಯ ಮೇಲೆ ಯಾವ ಚುನಾವಣೆಯ ಬರಹ? ಆ ಊರಿನವರು ನಾಲ್ಕು ಜನ ಕೂತು ನೋಡಿದರೆ ಹತ್ತು ನಿಮಿಷದಲ್ಲಿ ಸುಳ್ಳು ಬಯಲು. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತವರಿಗೆ ಇದು ಅಷ್ಟು ಸುಲಭವಲ್ಲ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಚಿತ್ರೀಕರಿಸಿದ ಕ್ಷಣವೇ ಹಕ್ಕು ಹುಟ್ಟುತ್ತದೆ, ನೋಂದಾಯಿಸಬೇಕಿಲ್ಲ. ಹಾಗಾಗಿ ಹಂಚುವ ಮನಸ್ಸಿದ್ದರೆ ಅದನ್ನು ಬರೆದು ಹೇಳಬೇಕು. ಅದಕ್ಕೆಂದೇ 2002ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಿವೆ. ಹೆಸರು ಹೇಳಿ ಬಳಸಿ, ಅದೇ ಷರತ್ತಿನಲ್ಲಿ ಹಂಚಿ, ವ್ಯಾಪಾರಕ್ಕೆ ಬಳಸಬೇಡಿ, ಹೀಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಒಂದು ಮಾತು ನೆನಪಿರಲಿ: ‘ವ್ಯಾಪಾರಕ್ಕೆ ಬೇಡ’ ಎಂದು ಬರೆದರೆ ವಿಕಿಪೀಡಿಯದ ಚಿತ್ರ, ವಿಡಿಯೋಗಳ ಸಂಗ್ರಹವಾದ ವಿಕಿಮೀಡಿಯಾ ಕಾಮನ್ಸ್ ಅದನ್ನು ಸೇರಿಸಿಕೊಳ್ಳುವುದಿಲ್ಲ.

ಸಲಕರಣೆಗೆ ಅಂಜಬೇಡಿ. ಇಲ್ಲಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಇವತ್ತು ಮನೆಮನೆಯಲ್ಲೂ ಮೊಬೈಲಿದೆ. ಧ್ವನಿಗೆ ಆಡಾಸಿಟಿ, ಸಂಕಲನಕ್ಕೆ ಕೆಡೆನ್‌ಲೈವ್, ಎರಡೂ ಮುಕ್ತ ತಂತ್ರಾಂಶಗಳು, ದುಡ್ಡು ಕೊಡಬೇಕಿಲ್ಲ. ಚಿತ್ರೀಕರಿಸಿದ ದಿನವೇ ಊರು, ತಾರೀಖು, ಮಾತಾಡಿದವರ ಒಪ್ಪಿಗೆ ಎಷ್ಟರ ಮಟ್ಟಿಗೆ ಎಂಬುದನ್ನು ಬರೆದಿಡಿ. ಎರಡು ಪ್ರತಿ ಮಾಡಿ ಎರಡು ಮನೆಯಲ್ಲಿ ಇಡಿ. ಬರಹಕ್ಕೆ ಇಳಿಸುವಾಗ ಮಂಡ್ಯದ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ.

ಆ ಹಿರಿಯರ ಮಾತಿಗೆ ಮರಳುತ್ತೇನೆ. ಧ್ವನಿ ಹಿಡಿದಿದ್ದ ಗೆಳೆಯನ ಹಳೆಯ ಮೆಮೊರಿ ಕಾರ್ಡಿನಲ್ಲಿ ಹನ್ನೊಂದು ನಿಮಿಷದ ಧ್ವನಿ ಸಿಕ್ಕಿತು, ಚಿತ್ರವಿಲ್ಲ. ಮನೆಯವರ ಒಪ್ಪಿಗೆ ಪಡೆದು, ಮೈಸೂರಿನ ಇಬ್ಬರು ವಿದ್ಯಾರ್ಥಿಗಳು ಅದನ್ನು ಬರಹಕ್ಕೆ ಇಳಿಸಿದರು. ಒಲೆಯ ಸದ್ದಿನಲ್ಲಿ ಒಂದು ಕಡೆ ‘ಉರಿ ತಿರುಗ್ತು’ ಎಂದು ಕೇಳಿಸಿತು, ಹಾಗೇ ಬರೆದರು. ನಮ್ಮ ಚಿತ್ರದಲ್ಲೂ ಆ ಜಾಗದ ಅಡಿಬರಹ ಬೆಂಕಿಯ ಬಗ್ಗೆಯೇ ಇತ್ತು. ಬರಹವನ್ನು ಮಗನಿಗೆ ಓದಿ ಹೇಳಿದಾಗ ಅವರು ನಡುವೆಯೇ ತಡೆದರು. "ಉರಿ ಅಲ್ಲ ಸಾ, ನೊರೆ. ನೊರೆ ತಿರುಗ್ತು ಅಂದ್ರೆ ಕೊಪ್ಪರಿಗೆ ಇಳಿಸೋ ಹೊತ್ತು ಹತ್ರ ಬಂತು ಅಂತ."

ಈಗ ಆ ಬರಹದಲ್ಲಿ ‘ನೊರೆ’ ಎಂದಿದೆ. ತಿದ್ದಿದವರೆಂದು ಮಗನ ಹೆಸರಿದೆ. ನಮ್ಮ ‘ಉರಿ’ಯನ್ನು ಪಾಠಾಂತರವಾಗಿ ಅಡಿಯಲ್ಲಿ ಉಳಿಸಿದ್ದೇವೆ.

ನಮಸ್ಕಾರ.