ಮೊದಲು ಬಯಲಾಟ, ಆಮೇಲೆ ತಾಳಮದ್ದಳೆ

(ಮಂಗಳೂರಿನಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲಿ ಬಂಟ್ವಾಳ, ಪುತ್ತೂರು, ಸುಳ್ಯದಿಂದ ಬಸ್ಸು ಹಿಡಿದು ಬಂದಿದ್ದೀರಿ. ಹೆಚ್ಚಿನವರ ಸೀರೆಯ ಅಂಚು, ಪ್ಯಾಂಟಿನ ತುದಿ ಇನ್ನೂ ಒಣಗಿಲ್ಲ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ: ಮನೆಮಾತು ಬೇರೆ ಇರುವ ಮಕ್ಕಳಿಗೆ ಕನ್ನಡ ಕಲಿಸುವಾಗ ಸನ್ನೆ, ಅಭಿನಯ ಯಾಕೆ ಬೇಕು ಅಂತ.

ನಮ್ಮ ಶಾಲೆಗಳಲ್ಲಿ ಕನ್ನಡ ಪ್ರಥಮ ಭಾಷೆ. ಅದು ಕಾಗದದ ಮೇಲೆ. ಒಂದನೇ ತರಗತಿಗೆ ಬರುವ ಮಗು ಮನೆಯಲ್ಲಿ ಆಡುವುದು ತುಳು, ಕೊಂಕಣಿ, ಬ್ಯಾರಿ. ಈಗೀಗ ಹಿಂದಿ, ಒಡಿಯಾ ಮನೆಮಾತಿನ ಮಕ್ಕಳೂ ಬರುತ್ತಿದ್ದಾರೆ. ಅವರಿಗೆಲ್ಲ ಕನ್ನಡ ಎರಡನೆಯದು, ಕೆಲವರಿಗೆ ಮೂರನೆಯದು. ನಾವು ಪಾಠ ಮಾಡುವುದು ಮಾತ್ರ, ಅವರು ಕನ್ನಡದಲ್ಲೇ ಹುಟ್ಟಿ ಬೆಳೆದವರು ಅಂದುಕೊಂಡು.

ಕಲಬುರಗಿ ಕಡೆಯಿಂದ ನಮ್ಮ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರು ಒಬ್ಬ ಹುಡುಗನನ್ನು ಕೇಳಿದರು, "ಪೆನ್ಸಿಲ್ ಐತೇನಪ್ಪ?" ಹುಡುಗ, "ಉಂಡು ಸಾರ್" ಅಂದ. ಮೇಷ್ಟ್ರು, "ಉಂಡಿದ್ದು ಕೇಳಿಲ್ಲೋ, ಪೆನ್ಸಿಲ್ ಕೇಳೀನಿ" ಅಂದರು. ತುಳುವಿನಲ್ಲಿ 'ಉಂಡು' ಅಂದರೆ 'ಇದೆ' ಅಂತ ಅವರಿಗೆ ಯಾರು ಹೇಳಬೇಕು? ಕೊನೆಗೆ ಹುಡುಗ ಚೀಲದಿಂದ ಪೆನ್ಸಿಲ್ ತೆಗೆದು ಎತ್ತಿ ಹಿಡಿದ. ಇಬ್ಬರೂ ನಕ್ಕರು. ಎರಡು ಭಾಷೆ ಸೇರಿ ಕಟ್ಟಿದ ಗಂಟನ್ನು ಒಂದು ಕೈ ಬಿಚ್ಚಿತು, ಅಲ್ವಾ?

ಈಗ ನನ್ನದೇ ಅನುಭವ ಹೇಳುತ್ತೇನೆ. ಸ್ವಲ್ಪ ಉದ್ದ ಆದೀತು.

ನಾನು ಒಂದನೇ ತರಗತಿ ನೋಡಿಕೊಳ್ಳುತ್ತಿದ್ದ ಕೋಣೆಗೆ ಶೀಟಿನ ಮಾಡು. ಜುಲೈ ತಿಂಗಳ ಮಳೆ ಶೀಟಿನ ಮೇಲೆ ಬಿದ್ದರೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಅದರ ಮೇಲೆ ಕೇಳಬೇಕು ಅಂತ ಕಿರುಚಿ ಕಿರುಚಿ ನನ್ನ ಗಂಟಲು ಕೂತುಹೋಯಿತು. ಹತ್ತು ದಿನ ಬಾಯಿ ಬಿಡಬೇಡಿ ಅಂದರು ಡಾಕ್ಟ್ರು. ಬದಲಿಗೆ ಬೇರೆ ಟೀಚರ್ ಇರಲಿಲ್ಲ. ಬಾಯಿ ಮುಚ್ಚಿಕೊಂಡೇ ತರಗತಿಗೆ ಹೋದೆ.

ಮೊದಲ ದಿನ ಮಕ್ಕಳಿಗೆ ದಿಗಿಲು. "ಟೀಚರೆಗ್ ಸ್ವರ ಇಜ್ಜಿ", ಟೀಚರಿಗೆ ಸ್ವರ ಇಲ್ಲ, ಅಂತ ತುಳುವಿನಲ್ಲಿ ಪಿಸುಗುಟ್ಟಿದರು. ನಾನು ಗಂಟಲು ಮುಟ್ಟಿ ತೋರಿಸಿದೆ, ಕೈ ಆಡಿಸಿದೆ. ಆಮೇಲೆ ಏನು ಮಾಡುವುದು? ಕೈಯಲ್ಲಿ ಒದ್ದೆ ಕೊಡೆ ಇತ್ತು. ಅದನ್ನೇ ಬಿಚ್ಚಿದೆ. ಮುಚ್ಚಿದೆ. ಹುಬ್ಬು ಹಾರಿಸಿ 'ಇದೇನು?' ಅಂತ ನೋಡಿದೆ. "ಕೊಡೆ!" ಅಂದರು. ಮತ್ತೆ ಬಿಚ್ಚಿದೆ. ಸುಮ್ನೆ ನಿಂತೆ. ಬೇರೆ ದಿನ ಆಗಿದ್ದರೆ ಉತ್ತರ ನಾನೇ ಹೇಳಿಬಿಡುತ್ತಿದ್ದೆ. ಅವತ್ತು ಕಾಯದೆ ದಾರಿ ಇರಲಿಲ್ಲ. ಹಿಂದಿನ ಬೆಂಚಿನಿಂದ ಒಂದು ಸ್ವರ, "ಟೀಚರ್ ಕೊಡೆ ಬಿಡಿಸಿದ್ರು." ಪೂರ್ತಿ ವಾಕ್ಯ!

ಕಿಟಕಿಗೆ ಕೊಡೆ ನೇತುಹಾಕಿದೆ. ತುದಿಯಿಂದ ನೀರು ಬೀಳುತ್ತಿತ್ತು. ಬೆರಳು ತೋರಿಸಿದೆ. ಜೂನ್‌ನಿಂದ ಒಂದೇ ಒಂದು ಕನ್ನಡ ಶಬ್ದ ಆಡದ ಹುಡುಗಿ ಒಬ್ಬಳಿದ್ದಳು. ಮನೆಯಲ್ಲಿ ಬ್ಯಾರಿ ಮಾತು. ಅವಳು ಎದ್ದು ನಿಂತು ಮೆಲ್ಲ ಹೇಳಿದಳು, "ಕೊಡೆ ಅಳ್ತಾ ಉಂಟು ಟೀಚರ್."

ನನಗೆ ಸ್ವರ ಇದ್ದಿದ್ದರೆ ಏನು ಹೇಳುತ್ತಿದ್ದೆ ಗೊತ್ತುಂಟಾ? "ಕೊಡೆ ಅಳುವುದಿಲ್ಲ ಪುಟ್ಟಾ, ನೀರು ತೊಟ್ಟಿಕ್ಕುತ್ತಿದೆ ಅನ್ನಬೇಕು." ಅಷ್ಟಕ್ಕೇ ಅವಳು ಕೂತುಬಿಡುತ್ತಿದ್ದಳು. ಸ್ವರ ಇರಲಿಲ್ಲ. ಸೆರಗಿನ ತುದಿ ಹಿಡಿದು ಕೊಡೆಯ ಕಣ್ಣು ಒರೆಸಿದೆ. ಇಡೀ ತರಗತಿ ನಕ್ಕಿತು. "ಕೊಡೆಗೆ ಹಸಿವು", "ಕೊಡೆಗೆ ಚಳಿ", "ಕೊಡೆಗೆ ಅಮ್ಮ ಬೇಕು". ಆ ಹತ್ತು ದಿನ ಮಕ್ಕಳು ಆಡಿದಷ್ಟು ಕನ್ನಡವನ್ನು ಅದಕ್ಕೆ ಮೊದಲಿನ ಎರಡು ತಿಂಗಳಲ್ಲಿ ನಾನು ಕೇಳಿರಲಿಲ್ಲ.

ಆಮೇಲೆ ಓದುವಾಗ ತಿಳಿಯಿತು, ಇದನ್ನು ಅಳೆದು ನೋಡಿದವರಿದ್ದಾರೆ. ಮೇರಿ ಬಡ್ ರೋ ಅಂತ ಅಮೆರಿಕದ ಸಂಶೋಧಕಿ. ಪ್ರಶ್ನೆ ಕೇಳಿದ ಟೀಚರ್ ಉತ್ತರಕ್ಕೆ ಕಾಯುವುದು ಸುಮಾರು 1 ಸೆಕೆಂಡ್ ಅಂತ ಅವರು 1970ರ ದಶಕದಲ್ಲಿ ತೋರಿಸಿದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು. ಅದು ವಿಜ್ಞಾನದ ತರಗತಿ. ನಮ್ಮ ಮಗು ಮನಸ್ಸಿನಲ್ಲಿ ತುಳುವಿನಿಂದ ಕನ್ನಡಕ್ಕೆ ನಡೆದು ಬರಬೇಕು. ಅದಕ್ಕೆ ಇನ್ನೂ ಜಾಸ್ತಿ ಹೊತ್ತು ಬೇಡವಾ? ಕಾಯುವಾಗ ನಿಮ್ಮ ಮುಖ 'ಹೇಳು, ನಾನು ಕೇಳ್ತಾ ಇದ್ದೇನೆ' ಅನ್ನುತ್ತಿರಬೇಕು. ಗಡಿಯಾರ ನೋಡಬಾರದು.

ಜೇಮ್ಸ್ ಆ್ಯಶರ್ ಎಂಬ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲೇ ಇನ್ನೊಂದು ದಾರಿ ಹಿಡಿದರು. ಹೊಸ ಭಾಷೆಯಲ್ಲಿ 'ಎದ್ದೇಳು', 'ನಡೆ', 'ಬಾಗಿಲು ತೆರೆ' ಅನ್ನುವುದು, ಟೀಚರೇ ಮಾಡಿ ತೋರಿಸುವುದು, ಕಲಿಯುವವರು ಮೈಯಲ್ಲೇ ಉತ್ತರ ಕೊಡುವುದು. ಮಾತಾಡು ಅಂತ ಒತ್ತಾಯ ಇಲ್ಲ. ತಯಾರಾದಾಗ ಮಾತು ತಾನೇ ಬರುತ್ತದೆ.

ಆದರೆ ನಮಗೆ ಇದಕ್ಕೆ ಅಮೆರಿಕಕ್ಕೆ ಹೋಗಬೇಕಾ? ನನ್ನ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆಡುತ್ತಿದ್ದದ್ದು ತುಳು ಮಾತ್ರ. ಆದರೂ ಯಕ್ಷಗಾನದ ಕೌರವ ಆಡುವ ಗ್ರಾಂಥಿಕ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ಕಲಿತದ್ದು ಕೊಯ್ಲಾದ ಗದ್ದೆಯಲ್ಲಿ, ರಾತ್ರಿಯಿಡೀ ಬಯಲಾಟ ನೋಡಿ. ಆಟದಲ್ಲಿ ಏನಾಗುತ್ತದೆ ನೋಡಿ. ಭಾಗವತರು ಪದ್ಯ ಹೇಳುತ್ತಾರೆ. ವೇಷಧಾರಿ ಅದನ್ನು ಕುಣಿದು, ಅಭಿನಯಿಸಿ ತೋರಿಸುತ್ತಾನೆ. ಆಮೇಲೆ ಅದನ್ನೇ ಮಾತಿನಲ್ಲಿ ಹೇಳುತ್ತಾನೆ. ಒಂದೇ ಸಂಗತಿ ಮೂರು ಸಲ, ಮೂರು ದಾರಿಯಲ್ಲಿ. ನಡುವಿನ ದಾರಿಗೆ ಶಬ್ದವೇ ಬೇಡ. ಅಜ್ಜಿ ಆ ದಾರಿಯಲ್ಲಿ ಹೋಗಿ ಉಳಿದೆರಡನ್ನೂ ಹಿಡಿದರು.

ಯಕ್ಷಗಾನದ್ದೇ ಇನ್ನೊಂದು ರೂಪ ತಾಳಮದ್ದಳೆ. ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಕೂತು ಆಡುವ ಮಾತು. ಬಹಳ ದೊಡ್ಡ ಕಲೆ, ನನಗೆ ಅದರ ಹುಚ್ಚೇ ಉಂಟು. ಆದರೆ ಅದು ಭಾಷೆ ಬಲಿತವರಿಗೆ. ಚಿಕ್ಕ ಮಕ್ಕಳು ಅಲ್ಲೇ ಚಾಪೆಯಲ್ಲಿ ನಿದ್ದೆ ಹೋಗುತ್ತಾರೆ. ನಾವು ಒಂದನೇ ತರಗತಿಯಲ್ಲಿ ತಾಳಮದ್ದಳೆ ನಡೆಸುತ್ತಿದ್ದೇವೆ. ಕುರ್ಚಿಯಲ್ಲಿ ಕೂತು, ಪುಸ್ತಕ ಮುಖಕ್ಕೆ ಅಡ್ಡ ಹಿಡಿದು. ನನ್ನ ಜಗಳ ಇಷ್ಟೇ. ಮೊದಲು ಬಯಲಾಟ ಆಗಲಿ. ಏಳನೇ ತರಗತಿಗೆ ತಾಳಮದ್ದಳೆ ಇರಲಿ.

ಒಂದು ಎಚ್ಚರಿಕೆ ಹೇಳಲೇಬೇಕು. ತರಬೇತಿಗಳಲ್ಲಿ 'ಸಂವಹನದಲ್ಲಿ ಮಾತಿನ ಪಾಲು ಬರೀ 7 ಶೇಕಡಾ' ಅಂತ ಸ್ಲೈಡ್ ತೋರಿಸುತ್ತಾರೆ. ಅದು ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಲೆಕ್ಕ. ಅವರು ನೋಡಿದ್ದು ಇಷ್ಟ, ಅನಿಷ್ಟದಂಥ ಭಾವನೆಗಳನ್ನು. ಶಬ್ದ ಒಂದು ಹೇಳಿ ಸ್ವರ, ಮುಖ ಬೇರೆ ಹೇಳಿದಾಗ ಜನ ಯಾವುದನ್ನು ನಂಬುತ್ತಾರೆ ಅಂತ. ಎಲ್ಲ ಮಾತಿಗೂ ಅದು ಅನ್ವಯಿಸುವುದಿಲ್ಲ ಅಂತ ಅವರೇ ಹೇಳಿದ್ದಾರೆ. ಅನ್ವಯಿಸುವುದಾದರೆ ಚೀನೀ ಭಾಷೆಯ ವಾರ್ತೆ ನಮಗೆಲ್ಲ ಮುಕ್ಕಾಲು ಪಾಲಿಗಿಂತ ಜಾಸ್ತಿ ಅರ್ಥವಾಗಬೇಕಿತ್ತು! ದಯವಿಟ್ಟು ಆ ಸ್ಲೈಡ್ ತೆಗೆಯಿರಿ. ಮಾತನ್ನು ಸಣ್ಣದು ಮಾಡಿ ಸನ್ನೆಯನ್ನು ದೊಡ್ಡದು ಮಾಡುವುದು ಬೇಡ. ಮಾತಿನ ಕಡೆ ಕರೆದೊಯ್ಯಲಿಕ್ಕೇ ಅಲ್ವಾ ನಮಗೆ ಸನ್ನೆ ಬೇಕಾದದ್ದು?

ಚೀಟಿ ಬಂತು. ಐದು ನಿಮಿಷ ಅಂತೆ. ಸ್ವರದ ಏರಿಳಿತ, ನಿಲ್ಲುವ ದೂರ ಅಂತೆಲ್ಲ ಬರೆದುಕೊಂಡು ಬಂದಿದ್ದೆ. ಬಿಡುತ್ತೇನೆ.

ಸನ್ನೆಗೂ ಊರು ಉಂಟು ಅನ್ನುವುದನ್ನು ಮಾತ್ರ ಹೇಳುತ್ತೇನೆ. ನಾವು ತಲೆಯನ್ನು ಅತ್ತಿತ್ತ ತೂಗಿ 'ಆಯ್ತು' ಅನ್ನುತ್ತೇವೆ. ಹೊರಗಿನಿಂದ ಬಂದವರಿಗೆ ಅದು 'ಇಲ್ಲ' ಅಂತ ಕಾಣಬಹುದು. ಬಲ್ಗೇರಿಯಾದಲ್ಲಂತೂ ತಲೆ ಮೇಲೆ ಕೆಳಗೆ ಆಡಿಸಿದರೆ 'ಇಲ್ಲ'. ಹಿರಿಯರ ಮುಂದೆ ಕಣ್ಣು ತಗ್ಗಿಸು ಅಂತ ಮನೆಯಲ್ಲಿ ಕಲಿತ ಮಗು ನಿಮ್ಮನ್ನು ನೋಡದೆ ಉತ್ತರಿಸಿದರೆ ಅದು ಉದ್ಧಟತನ ಅಲ್ಲ, ಭಯವೂ ಆಗಿರಬೇಕಿಲ್ಲ. 'ಮುಖ ನೋಡಿ ಮಾತಾಡು' ಅಂತ ಗದರಬೇಡಿ.

ಇಲ್ಲಿ ಮುಖ್ಯೋಪಾಧ್ಯಾಯರು ತುಂಬ ಜನ ಇದ್ದೀರಿ. ನಿಮ್ಮಲ್ಲಿ ಒಂದು ಕೋರಿಕೆ. ನಾಳೆ ಬೆಳಿಗ್ಗೆ ಒಂದನೇ ತರಗತಿಯ ಕೋಣೆಗೆ ಹೋಗಿ. ಬೋರ್ಡಿನ ಮುಂದೆ ಇರುವ ದೊಡ್ಡ ಮೇಜನ್ನು ಇಬ್ಬರು ಹಿಡಿದು ಮೂಲೆಗೆ ಸರಿಸಿ. ಟೀಚರ ಕೈಕಾಲು ಮಕ್ಕಳಿಗೆ ಪೂರ್ತಿ ಕಾಣಲಿ. ಹಿಂದಿನ ಬೆಂಚಿನ ಮಕ್ಕಳಿಗೂ.

ನಮಸ್ಕಾರ.