ಹರಾಜಿನಲ್ಲಿ ಗೆದ್ದ ಜಾಗ, ಕಟ್ಟಬೇಕಾದ ಮನೆ

ಎಲ್ಲರಿಗೂ ನಮಸ್ಕಾರ.

1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಿಂದ ಶುರು ಮಾಡುತ್ತೇನೆ. ಬಾಸ್ಟನ್‌ನಲ್ಲಿ ಎಂಬಿಎ ವಿದ್ಯಾರ್ಥಿಗಳ ಮುಂದೆ ನಾಣ್ಯ, ಕ್ಲಿಪ್ಪು ತುಂಬಿದ ಜಾಡಿಗಳನ್ನಿಟ್ಟು ಹರಾಜು ಹಾಕಿದರು. ಒಂದೊಂದು ಜಾಡಿಯ ಬೆಲೆ 8 ಡಾಲರ್. ಅದು ಅವರಿಗೆ ಗೊತ್ತಿರಲಿಲ್ಲ. ಅವರ ಅಂದಾಜಿನ ಸರಾಸರಿ 5 ಡಾಲರ್ 13 ಸೆಂಟ್. ಒಟ್ಟಾರೆ ಗುಂಪು ಕಡಿಮೆಯೇ ಅಂದುಕೊಂಡಿತ್ತು. ಆದರೂ ಗೆದ್ದ ಬಿಡ್ಡುಗಳ ಸರಾಸರಿ ನೋಡಿ, 10 ಡಾಲರ್ 1 ಸೆಂಟ್! ಗೆದ್ದವನು ಜಾಣ ಅಂತ ಗೆದ್ದಿದ್ದಲ್ಲ, ಎಲ್ಲರಿಗಿಂತ ಜಾಸ್ತಿ ಬೆಲೆ ಅಂದಾಜಿಸಿ ತಪ್ಪಿದ್ದಕ್ಕೆ ಗೆದ್ದ. ಇದಕ್ಕೆ ‘ಗೆದ್ದವನ ಶಾಪ’ ಅಂತಾರೆ.

ಈಗ ಜಾಡಿ ಬದಲು ಸರ್ಕಾರಿ ಜಾಗ ಇಡಿ. ಹರಾಜಿನಲ್ಲಿ ಅದನ್ನು ಗೆದ್ದ ಖಾಸಗಿ ಬಿಲ್ಡರ್ ಅಲ್ಲಿ ಮನೆ ಕಟ್ಟಿ ಮಾರಬೇಕು. ಇದನ್ನೇ ಸರ್ಕಾರ-ಖಾಸಗಿ ಪಾಲುದಾರಿಕೆ ಅಂತಾರೆ.

ಬಿಲ್ಡರ್ ಜಾಗಕ್ಕೆ ಬೆಲೆ ಕಟ್ಟುವುದು ಕೊನೆಯಿಂದ ಮೊದಲಿಗೆ, ಮನೆ ಮಾರುವ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಮನೆ 100ಕ್ಕೆ ಮಾರಾಟವಾಗುತ್ತದೆ ಅಂದುಕೊಳ್ಳಿ. ಕಟ್ಟೋ ಖರ್ಚು 55, ಬಡ್ಡಿ ಮತ್ತಿತರ ಖರ್ಚು 10, ಲಾಭ 15. ಉಳಿದ 20 ಜಾಗಕ್ಕೆ. ಪಕ್ಕದವನು ಸ್ವಲ್ಪ ಆಸೆಬುರುಕ. ಕಟ್ಟಿ ಮುಗಿಸೋ ಹೊತ್ತಿಗೆ ಮನೆ 110 ಆಗುತ್ತೆ ಅಂತ ಅವನ ಲೆಕ್ಕ. ಆಗ ಜಾಗಕ್ಕೆ 30 ಕೊಡಬಹುದು. ಮನೆ ಬೆಲೆಯಲ್ಲಿ ಶೇ. 10ರಷ್ಟು ಆಸೆ, ಜಾಗದ ಬಿಡ್ಡಿನಲ್ಲಿ ಶೇ. 50ರಷ್ಟು ಏರಿಕೆ. ಗೆಲ್ಲೋದು ಅವನೇ ಅಲ್ವಾ?

ಖಜಾನೆಗೆ ಖುಷಿ. ಆದರೆ ಬೆಲೆ 100ರಲ್ಲೇ ನಿಂತರೆ ಅವನಿಗೆ ಉಳಿಯೋದು 5. 95ಕ್ಕೆ ಇಳಿದರೆ ಸೊನ್ನೆ. ಆಗ ಅವನು ಎರಡರಲ್ಲಿ ಒಂದು ಮಾಡುತ್ತಾನೆ. ಬೆಲೆ ಏರಲಿ ಅಂತ ಜಾಗಕ್ಕೆ ಬೇಲಿ ಹಾಕಿ ಸುಮ್ನೆ ಕೂರುತ್ತಾನೆ, ಇಲ್ಲವೇ ಮನೆಯಲ್ಲೇ ಉಳಿತಾಯ ಹುಡುಕುತ್ತಾನೆ.

ಸಿಂಗಪುರ ಇದನ್ನು ಸರ್ಕಾರಿ ವಸತಿಯಲ್ಲೇ ಮಾಡಿ ನೋಡಿತು. 2005ರಲ್ಲಿ ಅಲ್ಲಿನ ವಸತಿ ಮಂಡಳಿ, ಎಚ್‌ಡಿಬಿ, ‘ವಿನ್ಯಾಸ ಮಾಡಿ, ಕಟ್ಟಿ, ಮಾರಿ’ ಅನ್ನೋ ಯೋಜನೆ ತಂದಿತು. ಜಾಗ ಟೆಂಡರಿನಲ್ಲಿ ಖಾಸಗಿಯವರಿಗೆ. ಕೊಳ್ಳುವವರು ಮಾತ್ರ ಆದಾಯ ಮಿತಿಯೊಳಗಿನ ಸಾಮಾನ್ಯ ಜನ. ಮನೆಯ ಬೆಲೆ? ಅದನ್ನು ಬಿಲ್ಡರ್‌ಗೇ ಬಿಟ್ಟರು. ಎಡವಿದ್ದು ಅಲ್ಲೇ ಅಂತ ನನ್ನ ಅಭಿಪ್ರಾಯ. 2011ರಲ್ಲಿ ಅಲ್ಲಿನ ಟಾಂಪಿನಿಸ್ ಬಡಾವಣೆಯ ಒಂದು ಕಟ್ಟಡ ಸಮುಚ್ಚಯದಲ್ಲಿ ದೊಡ್ಡ ಫ್ಲ್ಯಾಟಿಗೆ 8,80,000 ಸಿಂಗಪುರ ಡಾಲರ್‌ವರೆಗೆ ಬೆಲೆ ಹೇಳಿದರು. ಜನ ಸಿಟ್ಟಾದರು. ಅದೇ ವರ್ಷ ಯೋಜನೆ ನಿಂತಿತು. ಅಷ್ಟರೊಳಗೆ ಮಾರಿದ್ದ ಜಾಗಗಳಲ್ಲಿ ಕಟ್ಟಡ ಏಳುತ್ತಲೇ ಇತ್ತು. 2015ರಲ್ಲಿ ಅಂಥ ಒಂದು ಕಡೆ ಮನೆ ಸೇರಿದವರ ದೂರು ಏನು ಗೊತ್ತಾ? ಕಾರಿಡಾರ್ ತುಂಬಾ ಕಿರಿದು ಅಂತ. ಎದುರು ಬದುರು ಬಾಗಿಲು ತೆರೆದರೆ ನಡೆಯೋದೇ ಕಷ್ಟ. ನಿಯಮಕ್ಕೆ ತಕ್ಕ ಹಾಗೇ ಇತ್ತು. ಸರಿಯಾಗಿ ನಿಯಮದಷ್ಟೇ, ಒಂದಿಂಚೂ ಜಾಸ್ತಿ ಇಲ್ಲ.

ಹಾಗಂತ ಹರಾಜೇ ಬೇಡ ಅಂತ ನಾನು ಹೇಳುತ್ತಿಲ್ಲ. ಹರಾಜಿಲ್ಲದೆ ಜಾಗ ಕೊಟ್ಟರೆ ಅದು ಯಾರ ಯಾರ ಬಂಧುಗಳಿಗೆ ಹೋಗುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಪೈಪೋಟಿ ಬೇಕು. ಯಾವುದರ ಮೇಲೆ ಪೈಪೋಟಿ ಅನ್ನೋದೇ ನನ್ನ ತಕರಾರು.

ವಿಯೆನ್ನಾ 1995ರಿಂದ ಬೇರೆ ದಾರಿ ಹಿಡಿದಿದೆ. ನಗರದ ನಿಧಿಯೊಂದು ಜಾಗ ಕೊಂಡು ಇಟ್ಟುಕೊಳ್ಳುತ್ತದೆ. ದೊಡ್ಡ ಯೋಜನೆ ಬಂದಾಗ ಬಿಲ್ಡರ್‌ಗಳನ್ನು ಸ್ಪರ್ಧೆಗೆ ಕರೆಯುತ್ತದೆ. ಜಾಗದ ಬೆಲೆ ಮೊದಲೇ ನಿಗದಿ, ಅದರಲ್ಲಿ ಚೌಕಾಸಿ ಇಲ್ಲ. ತೀರ್ಪುಗಾರರು ನೋಡೋದು ಬಾಡಿಗೆ ಮತ್ತು ಖರ್ಚು, ವಾಸ್ತುವಿನ್ಯಾಸ, ಪರಿಸರ. 2009ರಿಂದ ಜನ ಒಟ್ಟಿಗೆ ಬಾಳೋಕೆ ಏನು ಅನುಕೂಲ ಅನ್ನೋದನ್ನೂ ಸೇರಿಸಿಕೊಂಡರು. ಅಲ್ಲಿ ಗೆಲ್ಲಬೇಕಾದರೆ ಬಿಲ್ಡರ್ ಮನೆಯ ಬಗ್ಗೆಯೇ ತಲೆ ಕೆಡಿಸಿಕೊಳ್ಳಬೇಕು. ಇದಕ್ಕೂ ಬೆಲೆ ಇದೆ. ಖಜಾನೆಗೆ ಬರೋ ದುಡ್ಡು ಕಡಿಮೆ. ತೀರ್ಪುಗಾರರು ಕೆಟ್ಟರೆ ಸ್ಪರ್ಧೆಯೂ ಕೆಟ್ಟಿತು.

ಇನ್ನು ಆಗ ಹೇಳಿದ ಪಾಲುದಾರಿಕೆ ಅನ್ನೋ ಪದ. ಜಾಗ ಮಾರಿ, ದುಡ್ಡು ಎಣಿಸಿ, ಹಕ್ಕುಪತ್ರ ಕೈಗಿತ್ತರೆ ಅದು ಬರೀ ವ್ಯಾಪಾರ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಪಾಲುದಾರಿಕೆ ಆಗಬೇಕಾದರೆ ಹಕ್ಕು ಮೊದಲ ದಿನವೇ ಕೈಬಿಡಬಾರದು. ಮೊದಲು ಕಟ್ಟೋದಕ್ಕೆ ಅನುಮತಿ ಮಾತ್ರ ಕೊಡಿ, ಕಟ್ಟಿ ಮುಗಿದ ಮನೆಗಳ ಲೆಕ್ಕದಲ್ಲಿ ಕಂತು ಕಂತಾಗಿ ಹಕ್ಕು ಕೊಡಿ. ಮಾರಾಟದ ಹಣದಲ್ಲಿ ಪಾಲು ಇಟ್ಟುಕೊಂಡರೆ ಬೆಲೆ ಏರಿದಾಗ ಸರ್ಕಾರಕ್ಕೂ ಸಿಗುತ್ತದೆ, ಇಳಿದಾಗ ಬಿಲ್ಡರ್ ಒಬ್ಬನೇ ಮುಳುಗೋದಿಲ್ಲ. ಗಡುವಿಗೂ ಹಲ್ಲಿರಬೇಕು. ಸಿಂಗಪುರದಲ್ಲೇ ಖಾಸಗಿ ವಸತಿ ಜಾಗ ಕೊಂಡ ಬಿಲ್ಡರ್ ಸಾಮಾನ್ಯವಾಗಿ ಐದು ವರ್ಷದೊಳಗೆ ಎಲ್ಲ ಮನೆ ಕಟ್ಟಿ ಮಾರಬೇಕು. ಇಲ್ಲದಿದ್ದರೆ ದೊಡ್ಡ ಮುದ್ರಾಂಕ ಶುಲ್ಕ ಬೀಳುತ್ತದೆ, ಬಡ್ಡಿ ಸಮೇತ. ಬೇಲಿ ಹಾಕಿ ಕೂರೋ ಆಟ ಅಲ್ಲಿ ದುಬಾರಿ.

ಮುಂದಿನ ಸಲ ಇಂಥ ಟೆಂಡರ್ ದಾಖಲೆ ಕೈಗೆ ಸಿಕ್ಕರೆ ಬಿಡ್ಡಿನ ಮೊತ್ತ ಆಮೇಲೆ ನೋಡಿ. ಮೊದಲು ಮೂರು ಪುಟ ಹುಡುಕಿ: ಮನೆಯ ಮಾರಾಟ ಬೆಲೆ ಯಾರು ನಿಗದಿ ಮಾಡುತ್ತಾರೆ, ಹಕ್ಕು ಯಾವಾಗ ಕೈ ಬದಲಾಗುತ್ತದೆ, ಕಾರಿಡಾರ್ ಎಷ್ಟು ಅಗಲ.